ಸಣ್ಣ ಲೇತ್‌ನಲ್ಲಿ ಸಮನಾದ ನರ್ಲಿಂಗ್

ಅಡಿಕೆ ತೋಟಕ್ಕೆ ಬೋರ್ಡೋ (ಕೊಳೆರೋಗ ತಡೆಯುವ ದ್ರಾವಣ) ಹೊಡೆಯುವವರ ಕೈ ಹೇಗಿರುತ್ತದೆ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಸುಣ್ಣ, ಮೈಲುತುತ್ತ, ಮಳೆನೀರು ಮೂರೂ ಸೇರಿ ಬೆರಳೆಲ್ಲ ಜಾರುತ್ತಿರುತ್ತದೆ. ಆ ಕೈಯಲ್ಲಿ ಸ್ಪ್ರೇ ಗನ್ನಿನ ನಟ್ಟು ಬಿಚ್ಚಬೇಕು, ಕಟ್ಟಿಕೊಂಡ ನಾಝಲ್ ತೊಳೆಯಬೇಕು, ಮತ್ತೆ ಬಿಗಿ ಮಾಡಬೇಕು. ನಟ್ಟು ನಯವಾಗಿದ್ದರೆ ಪಾನಾ ಇಲ್ಲದೆ ಕೆಲಸ ಆಗೋದಿಲ್ಲ. ನಮ್ಮ ತೋಟಕ್ಕೆ ಬರುವ ಕೊನೆಗೌಡರು (ಅಡಿಕೆ ಮರ ಹತ್ತಿ ಕೊನೆ ಕೀಳುವವರು) ಕಳೆದ ಮಳೆಗಾಲಕ್ಕೆ ಮುಂಚೆ ಕೇಳಿದರು: "ಅಣ್ಣಾ, ನಿಮ್ಮ ಹತ್ರ ಮಿಷನ್ ಇದೆಯಲ್ಲ, ಕೈಯಲ್ಲೇ ತಿರುಗೋ ಹಂಗೆ ಒಂದು ನಟ್ಟು ಮಾಡಿಕೊಡಿ. ಹಿಡಿತ ಸಿಕ್ರೆ ಸಾಕು."

ಹಿಡಿತ ಅಂದರೆ ನರ್ಲಿಂಗ್. ಮೈಕ್ರೋಮೀಟರಿನ ಹಿಡಿಯ ಮೇಲೆ, ಹಳೇ ಟಾರ್ಚಿನ ಮೈಮೇಲೆ ಚಿಕ್ಕ ಚಿಕ್ಕ ಡೈಮಂಡ್ ಉಬ್ಬುಗಳಿರುತ್ತವಲ್ಲ, ಅದು. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಒಂದು ಸಣ್ಣ ಲೇತ್, ಅಂದರೆ ಲೋಹದ ತುಂಡನ್ನು ತಿರುಗಿಸಿ ಕೆತ್ತುವ ಮಿಷನ್, ಇಟ್ಟುಕೊಂಡಿದ್ದೇನೆ. ಮೇಜಿನ ಮೇಲೆ ಕೂರುವಂಥದ್ದು, 40 ಕೆಜಿ ಆಸುಪಾಸು ತೂಗುತ್ತದೆ. ಟರ್ನಿಂಗ್, ಡ್ರಿಲ್ಲಿಂಗ್, ಥ್ರೆಡ್ಡಿಂಗ್ ಎಲ್ಲ ಅದರಲ್ಲಿ ಚೆನ್ನಾಗಿಯೇ ಆಗುತ್ತದೆ. ನರ್ಲಿಂಗ್ ಮಾತ್ರ ಬೇರೆ ಜಾತಿಯ ಕೆಲಸ. ಉಳಿದ ಕೆಲಸದಲ್ಲಿ ಟೂಲು ಲೋಹವನ್ನು ಕತ್ತರಿಸುತ್ತದೆ. ಇಲ್ಲಿ ಗಟ್ಟಿ ಹಲ್ಲಿನ ವೀಲು ಲೋಹವನ್ನು ಒತ್ತಿ, ತಗ್ಗಿನಲ್ಲಿದ್ದದ್ದನ್ನು ಪಕ್ಕಕ್ಕೆ ತಳ್ಳಿ ಉಬ್ಬಿಸುತ್ತದೆ. ಕತ್ತರಿಸಿ ಮಾಡುವ ನರ್ಲಿಂಗ್ ಟೂಲುಗಳೂ ಇವೆ. ಆದರೆ ಅವು ದುಬಾರಿ, ಸಣ್ಣ ಅಂಗಡಿಗಳಲ್ಲಿ ಕಾಣೋದೂ ಅಪರೂಪ. ಒತ್ತೋದಕ್ಕೆ ಬಲ ಬೇಕು. ಸಣ್ಣ ಲೇತ್‌ನಲ್ಲಿ ಇಲ್ಲದಿರೋದು ಅದೊಂದೇ.

ಲೋಹದ ವಿಷಯದಲ್ಲಿ ಯೋಚನೆ ಮಾಡೋದಕ್ಕೇನೂ ಇರಲಿಲ್ಲ. ಬೋರ್ಡೋ ಹದ ನೋಡೋದಕ್ಕೆ ನಮ್ಮಲ್ಲಿ ಕತ್ತಿಯ ತುದಿಯನ್ನು ದ್ರಾವಣದಲ್ಲಿ ಅದ್ದುತ್ತಾರೆ. ಸುಣ್ಣ ಕಡಿಮೆಯಾಗಿದ್ದರೆ ಕಬ್ಬಿಣದ ಮೇಲೆ ತಾಮ್ರ ಕೂತು ಕೆಂಪಾಗುತ್ತದೆ. ಅಂಥ ದ್ರಾವಣದಲ್ಲಿ ಎಂಎಸ್ (ಮೈಲ್ಡ್ ಸ್ಟೀಲ್) ನಟ್ಟು ಎಷ್ಟು ದಿನ ಬಾಳೀತು? ಹಿತ್ತಾಳೆಯೇ ಸರಿ. ಶಿವಮೊಗ್ಗದಿಂದ 20 ಮಿ.ಮೀ ದಪ್ಪದ ಫ್ರೀ ಕಟಿಂಗ್ (ಸುಲಭವಾಗಿ ಕತ್ತರಿಸೋ) ಹಿತ್ತಾಳೆ ರಾಡು ತಂದೆ.

ನನ್ನ ಹತ್ತಿರ ಮೊದಲಿದ್ದದ್ದು ಎಲ್ಲರ ಹತ್ತಿರ ಇರುವ ಮಾಮೂಲಿ ಟೂಲು. ಒಂದು ತಲೆ, ಅದರಲ್ಲಿ ಮೇಲೊಂದು ಕೆಳಗೊಂದು ವೀಲು, ಒಂದಕ್ಕೆ ಎಡಕ್ಕೆ ಓರೆಯಾದ ಹಲ್ಲು, ಇನ್ನೊಂದಕ್ಕೆ ಬಲಕ್ಕೆ. ಟೂಲ್ ಪೋಸ್ಟಿಗೆ ಬಿಗಿದು, ಕ್ರಾಸ್ ಸ್ಲೈಡ್ (ಟೂಲನ್ನು ಅಡ್ಡಕ್ಕೆ ಸರಿಸುವ ಭಾಗ) ತಿರುಗಿಸಿ ಪಕ್ಕದಿಂದ ಜಾಬಿನ (ತಿರುಗುವ ಲೋಹದ ತುಂಡಿನ) ಮೇಲೆ ಒತ್ತಬೇಕು. ಒತ್ತಿದ ಬಲವೆಲ್ಲ ಒಂದೇ ಕಡೆಯಿಂದ. ಜಾಬು ಆಚೆಗೆ ಬಾಗುತ್ತದೆ. ಕ್ರಾಸ್ ಸ್ಲೈಡಿನ ಸ್ಕ್ರೂ, ಅದರ ನಟ್ಟು, ಗಿಬ್ (ಸ್ಲೈಡನ್ನು ಬಿಗಿ ಮಾಡುವ ಪಟ್ಟಿ), ಸ್ಪಿಂಡಲ್ ಬೇರಿಂಗ್ ಎಲ್ಲದರ ಪ್ಲೇ (ಸಡಿಲ) ಸೇರಿ ಹೊರಗೆ ಬರುತ್ತದೆ. ಟೈಲ್‌ಸ್ಟಾಕಿನ ರಿವಾಲ್ವಿಂಗ್ ಸೆಂಟರನ್ನು ಜಾಬಿನ ಹೊರತುದಿಗೆ ಕೊಟ್ಟು ಹಿಡಿದರೂ ಗೆರೆಗಳು ಚಕ್ಕಿನ (ಜಾಬನ್ನು ಕಚ್ಚಿ ತಿರುಗಿಸುವ ಭಾಗದ) ಕಡೆ ಒಂದು ಥರ, ಸೆಂಟರಿನ ಕಡೆ ಒಂದು ಥರ. ಇನ್ನೂ ಜಾಸ್ತಿ ಒತ್ತಿದರೆ ಮೋಟಾರು ನಿಂತೇ ಹೋಗುತ್ತದೆ. ಸಂಜೆ ಹೊತ್ತು ನಮ್ಮ ಕಡೆ ಓಲ್ಟೇಜ್ ಇಳಿದಾಗಂತೂ ಕೇಳೋದೇ ಬೇಡ.

ಹೀಗೆ ಕೆಟ್ಟ ಒಂದು ತುಂಡನ್ನು ಒಯ್ದು ಭದ್ರಾವತಿಯ ಒಬ್ಬ ಹಿರಿಯ ಟರ್ನರ್‌ಗೆ ತೋರಿಸಿದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕುಲುಮೆ ಹಚ್ಚಿದ ಮೇಲೆ ಆ ಊರಲ್ಲಿ ಲೋಹದ ಕೆಲಸ ಬಲ್ಲವರಿಗೆ ಕೊರತೆ ಇಲ್ಲ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್, ಮಾಚೇನಹಳ್ಳಿ ಕಡೆಯ ಶೆಡ್ಡುಗಳಲ್ಲೂ ಅಲ್ಲಿ ಕೈ ಪಳಗಿಸಿಕೊಂಡವರು ಸಿಗುತ್ತಾರೆ. ಇವರು ನನ್ನ ತುಂಡನ್ನು ಬೆಳಕಿಗೆ ಹಿಡಿದು ತಿರುಗಿಸಿ, "ಡಬಲ್ ಬಿದ್ದಿದೆ" ಅಂದರು.

"ಯಜಮಾನ್ರೇ, ವ್ಯಾಸ ಲೆಕ್ಕ ಹಾಕಿ ತಗೋಬೇಕು ಅಂತಾರಲ್ಲ?"

"ಲೆಕ್ಕ ಎಂತದು ಮಾರಾಯ! ಮೊದಲನೇ ಸುತ್ತಿಗೇ ಗಟ್ಟಿ ಒತ್ತು. ವೀಲು ಒಂದ್ಸಲ ಒಳಗೆ ಹೋದ್ರೆ ಅದರ ದಾರಿ ಅದಕ್ಕೆ ಗೊತ್ತು."

ಅವರ ಮಾತು ನಿಜ. ಅವರ ಲೇತ್‌ಗೆ. ಟನ್ ಲೆಕ್ಕದಲ್ಲಿ ತೂಗುವ ಗೇರ್ ಲೇತ್‌ನಲ್ಲಿ ಅವರು ಒತ್ತಿದರೆ ಲೋಹ ಮಾತು ಕೇಳುತ್ತದೆ. ನನ್ನದು ಕೇಳೋದಿಲ್ಲ. ಆದರೆ ಅವರ ಮಾತಿನ ಒಳಗಿನ ವಿಷಯ ನನಗೆ ಬೇಕಾಗಿತ್ತು. ನರ್ಲಿಂಗ್ ಕೆಡೋದೂ ಆಗೋದೂ ಮೊದಲನೇ ಸುತ್ತಿನಲ್ಲಿ. ಕೆಸರು ರಸ್ತೆಯಲ್ಲಿ ಮೊದಲು ಹೋದ ಜೀಪಿನ ಜಾಡಿಗೆ ಹಿಂದಿನ ಜೀಪು ಬೇಡ ಅಂದರೂ ಇಳಿಯುತ್ತದಲ್ಲ, ವೀಲಿನ ಹಲ್ಲೂ ಹಾಗೇ. ಜಾಬು ಒಂದು ಸುತ್ತು ಮುಗಿಸಿ ಬಂದಾಗ ಹಲ್ಲು ಮೊದಲ ಗೆರೆಯಲ್ಲೇ ಇಳಿದರೆ ಗೆದ್ದಂತೆ. ಎರಡು ಗೆರೆಗಳ ಮಧ್ಯದ ದಿಬ್ಬದ ಮೇಲೆ ಬಿದ್ದರೆ ಅಲ್ಲೊಂದು ಹೊಸ ಗೆರೆ ಹುಟ್ಟುತ್ತದೆ. ಆಮೇಲೆ ಹಲ್ಲು ಎರಡನ್ನೂ ತುಳಿಯುತ್ತಾ ಹೋಗುತ್ತದೆ. ಡೈಮಂಡ್ ಬದಲು ತರಿತರಿ ಮೈ. ಇದೇ ಡಬಲ್.

ಹಾಗಾದರೆ ನನಗೆ ಬೇಕಾದದ್ದು ಎರಡು. ಜಾಬನ್ನು ಬಾಗಿಸದೆ ಬಲ ಹಾಕುವ ದಾರಿ ಒಂದು. ಹೆಚ್ಚು ಬಲ ಇಲ್ಲದೆಯೂ ಹಲ್ಲು ತನ್ನ ಗೆರೆಗೆ ಇಳಿಯುವ ವ್ಯಾಸ ಇನ್ನೊಂದು.

ಮೊದಲನೆಯದಕ್ಕೆ ಕತ್ತರಿ ಟೂಲು ತರಿಸಿದೆ. ಎರಡು ತೋಳು, ಮೇಲಿನದರಲ್ಲೊಂದು ವೀಲು, ಕೆಳಗಿನದರಲ್ಲೊಂದು, ಮಧ್ಯೆ ಜಾಬು. ಒಂದು ನಟ್ಟು ಬಿಗಿ ಮಾಡಿದರೆ ಎರಡೂ ಸೇರಿ ಜಾಬನ್ನು ಹಿಂಡುತ್ತವೆ. ಮೇಲಿನ ಬಲಕ್ಕೆ ಕೆಳಗಿನ ಬಲ ಸರಿಹೋಗುತ್ತದೆ. ಸ್ಪಿಂಡಲ್ ಮೇಲೆ ಹೊರೆಯೇ ಇಲ್ಲ ಅನ್ನಬಹುದು. ಸಣ್ಣ ಲೇತ್ ಇರುವವರು ಮಾಮೂಲಿ ಟೂಲನ್ನು ಯಾರಿಗಾದರೂ ಕೊಟ್ಟುಬಿಡಿ ಅಂತಲೇ ನಾನು ಹೇಳೋದು. ಅದರಲ್ಲಿ ಹೆಣಗಾಡುವ ಹೊತ್ತಿಗೆ ಬೇರಿಂಗ್ ಹಾಳಾಗುತ್ತದೆ.

ಆದರೆ ಅಗ್ಗದ ಕತ್ತರಿ ಟೂಲನ್ನು ಪೆಟ್ಟಿಗೆಯಿಂದ ತೆಗೆದು ನೇರವಾಗಿ ಬಳಸೋಕಾಗೋದಿಲ್ಲ. ನನ್ನದರಲ್ಲಿ ವೀಲಿನ ತೂತು 6 ಮಿ.ಮೀ, ಪಿನ್ನು ಅದಕ್ಕಿಂತ ಸಾಕಷ್ಟು ಸಣ್ಣ, ಅದೂ ಮೆತ್ತಗಿನ ಕಬ್ಬಿಣ. ವೀಲು ತಿರುಗುವಾಗ ಓಲಾಡುತ್ತಿತ್ತು. 6 ಮಿ.ಮೀ ಡೋವೆಲ್ ಪಿನ್ ಹಾಕಿ ನೋಡಿದೆ, ವೀಲು ತಿರುಗಲೇ ಇಲ್ಲ. ಡೋವೆಲ್ ಪಿನ್ನನ್ನು ತೂತಿನಲ್ಲಿ ಬಿಗಿಯಾಗಿ ಕೂರಲಿ ಅಂತಲೇ ಹೇಳಿದ ಅಳತೆಗಿಂತ ಕೂದಲೆಳೆ ದಪ್ಪ ಮಾಡಿರುತ್ತಾರೆ. ಕೊನೆಗೆ ಕೈಕೊಟ್ಟಿದ್ದ 6 ಮಿ.ಮೀ ಡ್ರಿಲ್ ಬಿಟ್ಟಿನ ಹಿಂಭಾಗದ ನುಣ್ಣನೆ ದಂಡವನ್ನೇ ಗ್ರೈಂಡರಿನಲ್ಲಿ ತುಂಡು ಮಾಡಿ ಪಿನ್ ಮಾಡಿದೆ. ಅಳತೆ ಹೇಳಿ ಮಾಡಿಸಿದ ಹಾಗಿತ್ತು. ತೋಳಿನ ಸೀಳಿನಲ್ಲಿ ವೀಲು ಅತ್ತಿತ್ತ ಸರಿಯದಿರಲಿ ಅಂತ ತೆಳು ತಗಡಿನ ವಾಷರ್ ಕತ್ತರಿಸಿ ಎರಡೂ ಬದಿಗೆ ಕೊಟ್ಟೆ. ತೋಳುಗಳ ಕೀಲಿನ ಬೋಲ್ಟಿಗೂ ಹಾಗೇ ಮಾಡಿದೆ. ಈ ಕೆಲಸಕ್ಕೆ ಒಂದು ಮಧ್ಯಾಹ್ನ ಹೋಯಿತು. ಆದರೆ ಕೊನೆಯಲ್ಲಿ ಸಿಕ್ಕ ಸಮನಾದ ಮೈಯಲ್ಲಿ ಅರ್ಧ ಪಾಲು ಇದರದ್ದೇ ಅಂತ ನನಗನ್ನಿಸುತ್ತದೆ.

ವೀಲುಗಳನ್ನೂ ಒಮ್ಮೆ ನೋಡಿಕೊಳ್ಳಬೇಕು. ಒಂದು ಹಲ್ಲಿಗೆ ಮಾರ್ಕರಿನಿಂದ ಗುರುತು ಹಾಕಿ, ಸುತ್ತ ಎಣಿಸಿದರೆ ಆಯಿತು. ಎರಡೂ ವೀಲಿನಲ್ಲಿ ಅಷ್ಟೇ ಹಲ್ಲು, ಅಷ್ಟೇ ವ್ಯಾಸ ಇರಬೇಕು. ಒಂದರ ಓರೆ ಎಡಕ್ಕೆ, ಇನ್ನೊಂದರದ್ದು ಬಲಕ್ಕೆ ಇರಬೇಕು. ಹಲ್ಲಿನ ತುದಿ ಮುರಿದ ವೀಲು ಪ್ರತಿ ಸುತ್ತಿಗೂ ಅದೇ ಕಲೆ ಬಿಡುತ್ತದೆ. ಅದನ್ನು ಸರಿಮಾಡುವ ದಾರಿ ಇಲ್ಲ.

ಇನ್ನು ಲೆಕ್ಕದ ವಿಷಯ. ಪುಸ್ತಕಗಳಲ್ಲಿ ಪಿಚ್, ಪೈ, 30 ಡಿಗ್ರಿ ಓರೆಯ ಕೊಸೈನ್ ಎಲ್ಲ ಬರುತ್ತದೆ. ನಾನು ಹಿಡಿದ ದಾರಿ ಅದಕ್ಕಿಂತ ಸುಲಭ. ವೀಲಿನ ವ್ಯಾಸವನ್ನು ಅದರ ಹಲ್ಲಿನ ಸಂಖ್ಯೆಯಿಂದ ಭಾಗಿಸಿ. ನನ್ನ ವೀಲು 20 ಮಿ.ಮೀ, 68 ಹಲ್ಲು. 20 ಭಾಗಿಸು 68 ಅಂದರೆ 0.294. ಜಾಬಿನ ವ್ಯಾಸ 0.294 ಹೆಚ್ಚಾದರೆ ಅದರ ಸುತ್ತ ಇನ್ನೊಂದು ಹಲ್ಲಿಗೆ ಜಾಗ ಆಗುತ್ತದೆ. ಹಲ್ಲನ್ನು ಸುತ್ತಳತೆಯ ಮೇಲೇ ಎಣಿಸಿರೋದರಿಂದ ಓರೆಯ ಲೆಕ್ಕ ತಾನಾಗೇ ಸೇರಿಹೋಗುತ್ತದೆ. ನನಗೆ 18 ಮಿ.ಮೀ ಸುತ್ತಮುತ್ತ ಬೇಕಿತ್ತು. 61 ಹಲ್ಲಿಗೆ 17.94 ಬರುತ್ತದೆ, 62ಕ್ಕೆ 18.24. ಇವೆರಡರ ನಡುವೆ, 18.09ರ ಹತ್ತಿರ, ಅರ್ಧ ಹಲ್ಲು ಉಳಿಯುತ್ತದೆ. ಡಬಲ್ ಬೀಳೋದಕ್ಕೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ. ಹಾಗಾಗಿ 17.94ಕ್ಕೆ ಟರ್ನಿಂಗ್ ಮಾಡಿದೆ. ಸರಿಯಾದ ವ್ಯಾಸ ಯಾವತ್ತೂ 0.3 ಮಿ.ಮೀಗಿಂತ ದೂರ ಇರೋದಿಲ್ಲ. ಇಂಥ ನಟ್ಟಿಗೆ ಅಷ್ಟು ಆಚೀಚೆ ಯಾರಿಗೆ ಗೊತ್ತಾಗುತ್ತದೆ?

ವೀಲು ಒಳಗಿಳಿದಂತೆ ಲೆಕ್ಕದ ವ್ಯಾಸ ಬದಲಾಗುತ್ತದೆ, ಹಾಗಾಗಿ ಲೆಕ್ಕವೇ ಸುಳ್ಳು ಅನ್ನುವವರಿದ್ದಾರೆ. ವ್ಯಾಸ ಬದಲಾಗೋದು ನಿಜ. ಆದರೆ ಮೊದಲನೇ ಸುತ್ತಿನಲ್ಲಿ ಹಲ್ಲಿನ ತುದಿ ಜಾಬಿನ ಮೇಲ್ಮೈಯನ್ನು ಮುಟ್ಟಿರೋದಷ್ಟೇ. ಅಲ್ಲಿ ಲೆಕ್ಕ ನಿಲ್ಲುತ್ತದೆ. ಜಾಡು ಬಿದ್ದ ಮೇಲೆ ಲೆಕ್ಕದ ಹಂಗಿಲ್ಲ. ದೊಡ್ಡ ಲೇತ್‌ನವರಿಗೆ ಬಲವೇ ಲೆಕ್ಕವನ್ನು ತಿದ್ದುತ್ತದೆ. ನಮ್ಮಂಥವರಿಗೆ ಲೆಕ್ಕ ಬಲದ ಕೊರತೆಯನ್ನು ಸ್ವಲ್ಪ ತುಂಬುತ್ತದೆ. ದಪ್ಪ ಜಾಬಿನ ಮೇಲೆ ಸುತ್ತ ಹಲ್ಲು ಜಾಸ್ತಿ ಇರೋದರಿಂದ ಅರ್ಧ ಹಲ್ಲಿನ ವ್ಯತ್ಯಾಸ ಹಂಚಿಹೋಗುತ್ತದೆ. 10, 12 ಮಿ.ಮೀ ಗುಂಡಿಗಳಲ್ಲಿ ಮಾತ್ರ ಲೆಕ್ಕ ಬಿಟ್ಟರೆ ಕೈಸುಡುತ್ತದೆ.

ಕೆಲಸದ ಕ್ರಮದಲ್ಲಿ ನರ್ಲಿಂಗ್ ಮೊದಲು, ತೂತು ಆಮೇಲೆ. ತೂತು ಮಾಡಿದ ನಟ್ಟಿನ ಗೋಡೆ ತೆಳು, ಹಿಂಡಿದರೆ ಅಪ್ಪಚ್ಚಿ ಆಗುತ್ತದೆ. ನರ್ಲಿಂಗ್ ಆದ ಮೇಲೆ ಚಕ್ಕಿನಿಂದ ಬಿಚ್ಚಿ ತಿರುಗಿಸಿ ಹಿಡಿಯೋದೂ ಬೇಡ. ದವಡೆ ಕೂತ ಕಡೆ ಡೈಮಂಡ್ ಚಪ್ಪಟೆ. ಹಾಗಾಗಿ ರಾಡನ್ನು ಚಕ್ಕಿನಿಂದ ಸ್ವಲ್ಪ ಉದ್ದ ಹೊರಗೆ ಬಿಟ್ಟು, ಟರ್ನಿಂಗ್, ನರ್ಲಿಂಗ್, ಡ್ರಿಲ್, ಥ್ರೆಡ್, ಕೊನೆಗೆ ಕತ್ತರಿಸೋದು ಎಲ್ಲ ಒಂದೇ ಹಿಡಿತದಲ್ಲಿ ಮಾಡಿದೆ. ನರ್ಲಿಂಗಿಗೆ ಮುಂಚೆಯೇ ತುದಿಗೆ 45 ಡಿಗ್ರಿ ಚಾಂಫರ್ (ಓರೆ ಅಂಚು) ಕೊಟ್ಟಿದ್ದೆ. ಇಲ್ಲದಿದ್ದರೆ ಅಂಚಿನಲ್ಲಿ ಲೋಹ ಹೊರಗೆ ಚಾಚಿಕೊಂಡು ಚೂಪಾದ ಅಂಚು ಉಳಿಯುತ್ತದೆ.

ಕತ್ತರಿ ಟೂಲಿನ ಎರಡೂ ಪಿನ್ನುಗಳು ಜಾಬಿನ ಮಧ್ಯಕ್ಕೆ ನೇರ ಮೇಲೆ, ನೇರ ಕೆಳಗೆ ಇರಬೇಕು. ಕ್ರಾಸ್ ಸ್ಲೈಡ್ ಒಳಗೆ ಹೊರಗೆ ಆಡಿಸಿ, ಸಣ್ಣ ಮೂಲೆಮಟ್ಟವನ್ನು ಲೇತ್ ಬೆಡ್ಡಿನ ಮೇಲೆ ನಿಲ್ಲಿಸಿ ಇದನ್ನು ಹೊಂದಿಸಿದೆ. ಒಂದು ಪಿನ್ನು ಮುಂದೆ, ಒಂದು ಹಿಂದೆ ಆದರೆ ಹಿಂಡಿದಾಗ ಜಾಬು ಜಾರಿಕೊಳ್ಳೋಕೆ ನೋಡುತ್ತದೆ. ಒಂದು ದಿಕ್ಕಿನ ಗೆರೆ ಆಳ, ಇನ್ನೊಂದು ದಿಕ್ಕಿನದ್ದು ತೆಳು ಬೀಳುತ್ತದೆ.

ಆಮೇಲೆ ಬಂದದ್ದು ಮೊದಲನೇ ಸುತ್ತು. ಇದಕ್ಕೆ ಮೋಟಾರು ಬೇಡ. ಪ್ಲಗ್ ತೆಗೆದಿಟ್ಟೆ. ವೀಲಿನ ಅರ್ಧ ಅಗಲ ಮಾತ್ರ ಜಾಬಿನ ಮೇಲೆ ಬರುವಂತೆ ತುದಿಯಲ್ಲಿ ನಿಲ್ಲಿಸಿದೆ. ಅಷ್ಟೇ ಬಲ ಅರ್ಧ ಅಗಲದ ಮೇಲೆ ಬಿದ್ದರೆ ಹಲ್ಲು ಹೆಚ್ಚು ಆಳಕ್ಕೆ ಹೋಗುತ್ತದೆ. ವೀಲುಗಳು ಮುಟ್ಟುವವರೆಗೆ ಟೂಲಿನ ನಟ್ಟು ಬಿಗಿದು, ಅಲ್ಲಿಂದ ಇನ್ನೂ ಅರ್ಧ ಸುತ್ತು ಗಟ್ಟಿಯಾಗಿ ಬಿಗಿದೆ. ಚಕ್ಕನ್ನು ಕೈಯಲ್ಲೇ ನಿಧಾನ ತಿರುಗಿಸಿದೆ. ಕೈಗೆ ಹಲ್ಲು ಕಚ್ಚೋದು ಗೊತ್ತಾಗುತ್ತದೆ. ಒಂದು ಪೂರ್ತಿ ಸುತ್ತು ಆಗಿ ಶುರುವಿನ ಜಾಗಕ್ಕೆ ಬಂದಾಗ ನಿಂತು, ಮೊಬೈಲ್ ಕ್ಯಾಮೆರಾ ಝೂಮ್ ಮಾಡಿ ನೋಡಿದೆ. ಹಲ್ಲು ಗೆರೆಯಲ್ಲೇ ಇಳಿದಿತ್ತು. ಇನ್ನೂ ಒಂದೆರಡು ಸುತ್ತು ತಿರುಗಿಸಿ, ಒಂದು ದಿಕ್ಕಿನ ಗೆರೆ ಎಣಿಸಿದೆ. 61. ಡಬಲ್ ಬಿದ್ದಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ತುದಿಯ ಆ ನಾಲ್ಕು ಮಿ.ಮೀ ಮಾತ್ರ ಕೆಟ್ಟಿರುತ್ತಿತ್ತು. ಅದನ್ನು ಟರ್ನಿಂಗ್ ಮಾಡಿ ತೆಗೆದು ಮತ್ತೆ ಶುರು ಮಾಡಬಹುದು. ಮೋಟಾರಿನಲ್ಲೇ ಶುರು ಮಾಡಿದರೆ ಕಣ್ಣು ಮಿಟುಕಿಸೋದರೊಳಗೆ ಹತ್ತಾರು ಸುತ್ತು ಆಗಿಹೋಗಿರುತ್ತದೆ.

ಇದಾದ ಮೇಲೆ ಪ್ಲಗ್ ಹಾಕಿ, ಗೇರನ್ನು ಲೋಗೆ ಇಟ್ಟು, 150 ಆರ್‌ಪಿಎಂ ಆಸುಪಾಸಿನಲ್ಲಿ ಓಡಿಸಿದೆ. ಲೋ ಗೇರಿನಲ್ಲಿ ಮೋಟಾರು ಒದ್ದಾಡೋದಿಲ್ಲ. ಫೀಡ್ (ಟೂಲು ಉದ್ದಕ್ಕೆ ಸರಿಯುವ ವೇಗ) ಮಾತ್ರ ನಿಧಾನ ಇದ್ದರೆ ಒಳ್ಳೇದು ಅಂತ ಬಹಳ ಜನ ತಿಳಿದಿದ್ದಾರೆ. ಇಲ್ಲಿ ಅದು ಉಲ್ಟಾ. ನನ್ನ ಲೇತ್‌ನ ಮಾಮೂಲಿ ಫೀಡ್ ಸುತ್ತಿಗೆ 0.1 ಮಿ.ಮೀ. ವೀಲಿನ ಅಗಲ 8 ಮಿ.ಮೀ. ಅಂದರೆ ಜಾಬಿನ ಒಂದೊಂದು ಜಾಗವನ್ನೂ ವೀಲು 80 ಸಲ ತುಳಿಯುತ್ತದೆ. ಅಷ್ಟು ತುಳಿದರೆ ಹಿತ್ತಾಳೆ ಸುಸ್ತಾಗಿ ಡೈಮಂಡ್ ತುದಿಯಿಂದ ಸಿಪ್ಪೆ ಏಳುತ್ತದೆ. ಚೇಂಜ್ ಗೇರ್ ಬದಲಿಸಿ 0.2 ಮಾಡಿಕೊಂಡೆ, ತುಳಿತ 40ಕ್ಕೆ ಇಳಿಯಿತು. ಮೈ ಹೊಳಪಾಗಿ ಬಂತು. ಗೇರ್ ಬದಲಿಸೋದು ಬೇಜಾರಿನ ಕೆಲಸ, ಎಣ್ಣೆಕೈ ಆಗುತ್ತದೆ, ಆದರೂ ಮಾಡಿ.

ಎಣ್ಣೆಯನ್ನೂ ಧಾರಾಳವಾಗಿ ಬಿಡಬೇಕು. ಜಾರಲಿ ಅನ್ನೋದಕ್ಕಿಂತ ಪುಡಿ ತೊಳೆದುಹೋಗಲಿ ಅನ್ನೋದಕ್ಕೆ. ಉದುರಿದ ಪುಡಿ ವೀಲಿನ ಕೆಳಗೆ ಸಿಕ್ಕರೆ ಅದೇ ಜಾಬಿನೊಳಗೆ ಒತ್ತಿಕೊಳ್ಳುತ್ತದೆ. ತೆಳು ಎಣ್ಣೆಯನ್ನು ಪಿಚಕಾರಿ ಬಾಟಲಿಯಿಂದ ಬಿಡುತ್ತಾ ಹೋದೆ. ಉದ್ದ ಹಿಡಿಯ ಬ್ರಷ್ಷಿನಲ್ಲಿ ವೀಲು ಜಾಬಿನಿಂದ ಹೊರಗೆ ಬರುವ ಬದಿಯಲ್ಲಿ ಮಾತ್ರ ಒರೆಸುತ್ತಿದ್ದೆ. ಒಳಗೆ ಹೋಗುವ ಬದಿಗೆ ಬ್ರಷ್ಷೂ ಬೇಡ, ಬಟ್ಟೆಯಂತೂ ಬೇಡವೇ ಬೇಡ.

15 ಮಿ.ಮೀ ಗುರುತು ಬಂದಾಗ ಮೋಟಾರು ನಿಲ್ಲಿಸಿ, ಟೂಲಿನ ನಟ್ಟನ್ನು ಇನ್ನೂ ಸ್ವಲ್ಪ ಬಿಗಿದು, ಹಾಫ್ ನಟ್ (ಫೀಡನ್ನು ಜೋಡಿಸುವ ಭಾಗ) ಬಿಡಿಸದೆ ಹಾಗೇ ರಿವರ್ಸ್ ಹಾಕಿದೆ. ವೀಲು ಬಂದ ಜಾಡಿನಲ್ಲೇ ವಾಪಸ್ ಹೋಯಿತು. ನಡುವೆ ವೀಲನ್ನು ಜಾಬಿನಿಂದ ಎತ್ತಬಾರದು. ಎತ್ತಿದರೆ ಮತ್ತೆ ಮೊದಲನೇ ಸುತ್ತಿನ ಕಥೆ. ನನ್ನ ಲೇತ್‌ನಲ್ಲಿ ಚಕ್ಕು ಬೋಲ್ಟಿನಲ್ಲಿ ಕೂತಿದೆ, ರಿವರ್ಸ್‌ಗೆ ಭಯ ಇಲ್ಲ. ಥ್ರೆಡ್ಡಿನಲ್ಲಿ ಕೂರುವ ಚಕ್ಕಾದರೆ ರಿವರ್ಸ್‌ನಲ್ಲಿ ಬಿಚ್ಚಿಕೊಂಡು ಬರಬಹುದು, ಅಂಥವರು ಕೈಯಲ್ಲಿ ಹಿಂದಕ್ಕೆ ತನ್ನಿ.

ಎರಡನೇ ನಟ್ಟು ಮಾಡುವಾಗ ಅರ್ಧದಲ್ಲಿ ಕರೆಂಟ್ ಹೋಯಿತು. ಜೂನ್ ತಿಂಗಳು, ಗಾಳಿಮಳೆ, ಎಲ್ಲೋ ಲೈನಿನ ಮೇಲೆ ಮರ ಬಿದ್ದಿರಬೇಕು. ಜಾಬನ್ನು ಹಿಂಡಿಕೊಂಡೇ ವೀಲು ನಿಂತಿತು. ಮುಟ್ಟಲಿಲ್ಲ. ಕರೆಂಟ್ ಬಂದದ್ದು ರಾತ್ರಿ. ಬಟನ್ ಒತ್ತಿ ಅಲ್ಲಿಂದಲೇ ಮುಂದುವರಿಸಿದೆ, ಜಾಡು ತಪ್ಪಲಿಲ್ಲ. ನಿಂತ ಜಾಗದಲ್ಲಿ ಒಂದು ಗೆರೆ ತುಸು ಆಳ ಬಿದ್ದಿತ್ತು, ವಾಪಸ್ ಬರುವಾಗ ಅದೂ ಬೆರೆತುಹೋಯಿತು.

ಎಷ್ಟು ಆಳ ಸಾಕು ಅನ್ನೋದು ಕಣ್ಣಿನ ಮೇಲೆ ಬಿಟ್ಟ ವಿಷಯ. 17.94 ಇದ್ದ ವ್ಯಾಸ ಉಬ್ಬಿ 18.3 ದಾಟಿತ್ತು. ಡೈಮಂಡಿನ ತಲೆಯಲ್ಲಿ ಚೂರೇ ಚೂರು ಚಪ್ಪಟೆ ಉಳಿದಿರುವಾಗಲೇ ನಿಲ್ಲಿಸಿದೆ. ಪೂರ್ತಿ ಚೂಪಾಗುವವರೆಗೆ ಹಿಂಡಿದರೆ ನೋಡೋಕೆ ಚೆಂದ. ಆದರೆ ಇಡೀ ದಿನ ಒದ್ದೆಕೈಯಲ್ಲಿ ಹಿಡಿಯುವವರ ಬೆರಳು ಸುಲಿಯುತ್ತದೆ. ಅದಕ್ಕಿಂತ ಮುಂದೆ ಹೋದರೆ ತಲೆಗಳು ಮುರಿದು ಉದುರೋಕೆ ಶುರು. ಕೊನೆಗೆ ನುಣ್ಣನೆ ಎಮರಿ ಹಾಳೆಯನ್ನು ಮರದ ಪಟ್ಟಿಗೆ ಅಂಟಿಸಿ, ತಿರುಗುವ ಜಾಬಿಗೆ ಒಮ್ಮೆ ಸವರಿದೆ. ಹಿತ್ತಾಳೆ ಬ್ರಷ್ಷಿನಲ್ಲಿ ಉಜ್ಜಿದ್ದೂ ಆಯಿತು.

ಎಂಎಸ್ ಮೇಲೂ ಇದೇ ರೀತಿ ಮಾಡಿ ನೋಡಿದ್ದೇನೆ. ಸುಲಭವಾಗಿ ಕತ್ತರಿಸೋ ಇಎನ್1ಎ ಚೆನ್ನಾಗಿ ಬಂತು, ಬಿಗಿತ ಮಾತ್ರ ಜಾಸ್ತಿ ಬೇಕಾಯಿತು. ಗುಜರಿಯಲ್ಲಿ ಸಿಕ್ಕ ಹೆಸರಿಲ್ಲದ ಅಲ್ಯೂಮಿನಿಯಂ ಅಂಟಂಟಾಗಿ ಹಲ್ಲಿನ ಸಂದಿಯಲ್ಲಿ ತುಂಬಿಕೊಂಡಿತು. ಡೀಸೆಲ್ ಹಚ್ಚಿ, ನಡುನಡುವೆ ವೀಲು ಉಜ್ಜಿದ ಮೇಲೆ ಪರವಾಗಿಲ್ಲ ಅನ್ನುವ ಹಾಗಾಯಿತು. ಸ್ಟೇನ್‌ಲೆಸ್ ಬೇರೆಯದೇ ವಿಷಯ. ಅದು ತುಳಿದಷ್ಟೂ ಗಟ್ಟಿಯಾಗುವ ಲೋಹ. ಮೊದಲ ಸುತ್ತಿನಲ್ಲೇ ಪೂರ್ತಿ ಆಳಕ್ಕೆ ಹೋಗದಿದ್ದರೆ ಆಮೇಲೆ ವೀಲಿನ ಹಲ್ಲೇ ಸವೆಯುತ್ತದೆ. ಪಕ್ಕದೂರಿನ ಒಬ್ಬರು ಹಾಲಿನ ಮಿಷನ್ನಿನ ಸ್ಟೇನ್‌ಲೆಸ್ ಹಿಡಿಗೆ ನರ್ಲಿಂಗ್ ಕೇಳಿಕೊಂಡು ಬಂದಿದ್ದರು. ಭದ್ರಾವತಿಯ ಯಜಮಾನರ ಶೆಡ್ಡಿಗೆ ದಾರಿ ಹೇಳಿ ಕಳಿಸಿದೆ. ಅಲ್ಲಿ ಗಟ್ಟಿ ಒತ್ತುವ ಲೇತ್ ಇದೆ.